ಹೊಸ ಸೈಲೆನ್ಸರ್ ಹಾಕಿದ ಮೇಲೆ ಆಕ್ಸಿಲರೇಟರ್ ಬಿಟ್ಟಾಗ ಪಟಪಟ ಸದ್ದು

ಪ್ರಶ್ನೆ

ನಮಸ್ಕಾರ. ನನ್ನದು ಫ್ಯೂಯೆಲ್ ಇಂಜೆಕ್ಷನ್ ಇರುವ ಒಂಟಿ ಸಿಲಿಂಡರಿನ ಬೈಕು. ಅದರ ಕಂಪನಿ ಸೈಲೆನ್ಸರ್ ಬಿಚ್ಚಿ ಬೇರೆ ತಯಾರಕರದೊಂದನ್ನು ಹಾಕಿದ್ದೇನೆ. ಎಂಜಿನ್ನಿನಿಂದ ಸೈಲೆನ್ಸರಿಗೆ ಬರುವ ಬೆಂಡ್ ಪೈಪನ್ನು ಮುಟ್ಟಿಲ್ಲ. ಓಟದಲ್ಲಿ ತೊಂದರೆಯೇನೂ ಇಲ್ಲ, ಆದರೆ ವೇಗದಲ್ಲಿದ್ದಾಗ ಆಕ್ಸಿಲರೇಟರ್ ಪೂರ್ತಿ ಬಿಟ್ಟ ಕೂಡಲೇ ಹಿಂದಿನಿಂದ ಪಟಪಟನೆ ಸಿಡಿಯುವ ಸದ್ದು ಬರುತ್ತದೆ. ಇಸಿಯು ರೀಮ್ಯಾಪ್ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿನಲ್ಲಿ ಪೆಟ್ರೋಲಿನ ಲೆಕ್ಕವನ್ನು ಮತ್ತೆ ಬರೆಸುವುದು) ಮಾಡಿಸಲೇಬೇಕೆಂದು ಕೆಲವರು ಹೇಳುತ್ತಾರೆ. ಅದಕ್ಕೆ ಹಣ ಸುರಿಯುವ ಮೊದಲು ನಾನೇ ಪರೀಕ್ಷಿಸಿ ನೋಡಬಹುದಾದದ್ದು ಏನಾದರೂ ಇದೆಯೇ?

ಉತ್ತರ 1

ರೀಮ್ಯಾಪ್ ವಿಚಾರವನ್ನು ಸದ್ಯಕ್ಕೆ ಬದಿಗಿಟ್ಟು ಮೊದಲು ಬೆಂಡ್ ಪೈಪೂ ಸೈಲೆನ್ಸರೂ ಸೇರುವ ಜಾಯಿಂಟನ್ನು ನೋಡಿ. ಆಕ್ಸಿಲರೇಟರ್ ಬಿಟ್ಟಾಗ ಪೈಪಿನೊಳಗಿನ ಒತ್ತಡ ಏರಿಳಿಯುವುದರಿಂದ ಕೂದಲೆಳೆಯಷ್ಟು ಸಂದಿದ್ದರೂ ಹೊರಗಿನ ಗಾಳಿ ಒಳಸೇರುತ್ತದೆ. ಉರಿಯದೆ ಉಳಿದ ಪೆಟ್ರೋಲ್ ಆವಿ ಅದರೊಂದಿಗೆ ಬೆರೆತು ಬಿಸಿ ಪೈಪಿನಲ್ಲೇ ಹೊತ್ತಿಕೊಳ್ಳುತ್ತದೆ. ಎಂಜಿನ್ ತಣ್ಣಗಿರುವಾಗ ಬಯಲಿನಲ್ಲಿ ಸ್ಟಾರ್ಟ್ ಮಾಡಿ, ದಪ್ಪ ಕೈಗವಸು ತೊಟ್ಟು, ಮಡಿಸಿದ ಬಟ್ಟೆಯಿಂದ ಸೈಲೆನ್ಸರಿನ ಬಾಯನ್ನು ಒಂದೆರಡು ಕ್ಷಣ ಅರ್ಧ ಮುಚ್ಚಿ. ಜಾಯಿಂಟಿನ ಬಳಿ ಚಿಟ್‌ಚಿಟ್ ಎಂಬ ಸದ್ದು ಕೇಳಿಸಿದರೆ ಲೀಕ್ ಅಲ್ಲೇ ಇದೆ. ಕೆಲವು ದಿನ ಓಡಿದ ಗಾಡಿಯಾದರೆ ಜಾಯಿಂಟನ್ನು ಬಿಗಿಹಿಡಿಯುವ ಕ್ಲ್ಯಾಂಪಿನ ಅಂಚಿನಲ್ಲಿ ಕಪ್ಪು ಮಸಿಯ ಗೆರೆಯೂ ಮೂಡಿರುತ್ತದೆ.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ಕ್ಲ್ಯಾಂಪಿನ ಕೆಳಬದಿಯಲ್ಲಿ ನೀವು ಹೇಳಿದಂಥ ಗೆರೆ ಕಾಣಿಸುತ್ತಿದೆ. ಬಿಚ್ಚಿ ಮತ್ತೆ ಕೂರಿಸುವಾಗ ಯಾವ ಕ್ರಮದಲ್ಲಿ ಬಿಗಿ ಮಾಡಬೇಕು?

ಉತ್ತರ 2

ಜಾಯಿಂಟಿನ ಸಂದಿ ಮುಚ್ಚುವ ಗ್ರಾಫೈಟ್ ಗ್ಯಾಸ್ಕೆಟ್ ಒಮ್ಮೆ ಅಮುಕಿದ ಮೇಲೆ ಮತ್ತೆ ಉಬ್ಬುವುದಿಲ್ಲವಾದ್ದರಿಂದ ಹೊಸದನ್ನೇ ಹಾಕಿ. ಮೊದಲು ಕ್ಲ್ಯಾಂಪ್ ಬೋಲ್ಟನ್ನೂ ಫ್ರೇಮಿಗೆ ಹಿಡಿಸುವ ಬ್ರಾಕೆಟ್ ಬೋಲ್ಟನ್ನೂ ಕೈಯಲ್ಲಿ ತಿರುಗಿಸುವಷ್ಟು ಮಾತ್ರ ಹಾಕಿ, ಸೈಲೆನ್ಸರ್ ತಾನಾಗಿಯೇ ನೇರವಾಗಿ ಕೂರುವವರೆಗೆ ಅಲುಗಾಡಿಸಿ, ಆಮೇಲೆ ಎಂಜಿನ್ ಕಡೆಯಿಂದ ಹಿಂದಕ್ಕೆ ಬಿಗಿ ಮಾಡುತ್ತಾ ಬನ್ನಿ. ಬ್ರಾಕೆಟನ್ನು ಮೊದಲೇ ಬಿಗಿದು ಜಾಯಿಂಟನ್ನು ಬಲವಂತವಾಗಿ ಎಳೆದು ಸೇರಿಸಿದರೆ ಪೈಪು ಸದಾ ಸೆಳೆತದಲ್ಲಿರುತ್ತದೆ. ಮುಂದೊಂದು ದಿನ ಬಿರುಕು ಬಿಡುವುದು ವೆಲ್ಡಿಂಗ್ ಜಾಗದಲ್ಲೇ. ಡಬಲ್ ಸ್ಟ್ಯಾಂಡ್ ಇದ್ದರೆ ಇನ್ನೊಂದು ವಿಷಯ ಗಮನಿಸಿ: ಕೆಲವು ಬೈಕುಗಳಲ್ಲಿ ಸ್ಟ್ಯಾಂಡ್ ಬಂದು ತಾಗುವ ರಬ್ಬರ್ ಕಂಪನಿ ಸೈಲೆನ್ಸರಿನ ಮೇಲೆಯೇ ಇರುತ್ತದೆ. ಅದು ಹೋದರೆ ಸ್ಟ್ಯಾಂಡ್ ಹೆಚ್ಚು ಮೇಲಕ್ಕೇರಿ ಚೈನಿಗೋ ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮಿಗೋ ಬಡಿಯಬಹುದು. ಸ್ಟಾರ್ಟ್ ಮಾಡುವ ಮುನ್ನ ಬೆರಳಚ್ಚುಗಳನ್ನು ಸ್ಪಿರಿಟ್‌ನಿಂದ ಒರೆಸಿ. ಆ ಜಿಡ್ಡು ಬಿಸಿಗೆ ಸುಟ್ಟು ಸ್ಟೀಲಿನ ಮೇಲೆ ಕಲೆಯಾಗಿ ಉಳಿಯುತ್ತದೆ.

ಉತ್ತರ 3

ರೀಮ್ಯಾಪ್ ಬೇಡವೇ ಬೇಡ ಎನ್ನಲಾರೆ, ಆದರೆ ನಿಮ್ಮ ಸಂದರ್ಭದಲ್ಲಿ ಅದಕ್ಕೆ ಅವಸರವಿಲ್ಲ. ಬೆಂಡ್ ಪೈಪಿನಲ್ಲಿ ಆಕ್ಸಿಜನ್ ಸೆನ್ಸರ್ ಇದ್ದರೆ, ಒಂದೇ ವೇಗದಲ್ಲಿ ಹೋಗುವಾಗ ಇಸಿಯು ಗಾಳಿ ಮತ್ತು ಪೆಟ್ರೋಲಿನ ತೂಕದ ಪ್ರಮಾಣವನ್ನು 14.7ಕ್ಕೆ 1ರ ಆಸುಪಾಸಿನಲ್ಲಿ ತಾನೇ ಸರಿಪಡಿಸಿಕೊಳ್ಳುತ್ತದೆ. ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಮಾತ್ರ ಅದು ಸೆನ್ಸರಿನ ಮಾತು ಕೇಳದೆ ಮೊದಲೇ ಬರೆದಿಟ್ಟ ಮ್ಯಾಪನ್ನು ಅನುಸರಿಸುತ್ತದೆ. ಬೆಂಡ್ ಪೈಪ್, ಏರ್ ಫಿಲ್ಟರ್ ಎರಡನ್ನೂ ಬದಲಿಸಿದವರಿಗೆ ರೀಮ್ಯಾಪ್ ಅಗತ್ಯ. ಸೈಲೆನ್ಸರಿನ ಬಾಯಿಯೊಳಗಿನ, ಸದ್ದು ತಗ್ಗಿಸುವ ಡಿಬಿ ಕಿಲ್ಲರನ್ನು ತೆಗೆದಿದ್ದರೆ ಮರಳಿ ಹಾಕಿ. ಅದಿಲ್ಲದಿದ್ದರೆ ಸಣ್ಣ ಸಿಡಿತವೂ ದೊಡ್ಡದಾಗಿ ಕೇಳಿಸುತ್ತದೆ, ಕಾನೂನಿನ ತಕರಾರೂ ಬರಬಹುದು. ಹೊಸ ಗ್ಯಾಸ್ಕೆಟ್ ಕೆಲವು ಸಲ ಬಿಸಿಯಾಗಿ ತಣಿದ ಮೇಲೆ ಸ್ವಲ್ಪ ಕುಗ್ಗುವುದರಿಂದ ಕ್ಲ್ಯಾಂಪಿಗೆ ಇನ್ನೊಮ್ಮೆ ಸ್ಪ್ಯಾನರ್ ಹಾಕಿ ನೋಡಿ. ಅದಾದ ಮೇಲೂ ಸಿಡಿಯುತ್ತಿದ್ದರೆ ಮ್ಯಾಪಿನ ಮಾತಾಡೋಣ.