ತಿದ್ದಿದರೆ ಒಳಗೇ ಉರಿಯುತ್ತದೆ: ಕಲಿಯುವ ಮನಸ್ಸನ್ನು ರೂಢಿಸಿಕೊಳ್ಳುವುದು ಹೇಗೆ?

ಕಾಳಿದಂಡೆ (ಕಾರವಾರ)
ಎಲ್ಲರಿಗೂ ವಂದನೆ. ಬೈಬಲ್ ಪಾಠದಲ್ಲಿ ಯಾರಾದರೂ ತಪ್ಪು ತೋರಿಸಿದರೆ ಬಾಯಲ್ಲಿ "ಸರಿ ಬ್ರದರ್" ಅನ್ನುತ್ತೇನೆ, ಒಳಗೆ ಮಾತ್ರ ಉತ್ತರ ಹೊಸೆಯುತ್ತಿರುತ್ತೇನೆ. ತಾನು ದೀನಮನಸ್ಸುಳ್ಳವನು, ತನ್ನಿಂದ ಕಲಿಯಿರಿ ಎಂದು ಕರ್ತನಾದ ಯೇಸು ಮತ್ತಾಯ 11:29ರಲ್ಲಿ ಕರೆಯುತ್ತಾನೆ. ಅದಕ್ಕಾಗಿ ಪ್ರಾರ್ಥಿಸುತ್ತಲೇ ಇದ್ದೇನೆ. ದಿನದ ರೂಢಿಯಲ್ಲಿ ಏನು ಮಾಡಬೇಕು? ಹೇಳಿದ್ದನ್ನೆಲ್ಲ ಒಪ್ಪುವುದೇ ದೀನತೆಯೇ?

ಕುಮಟಾ ಓದುಗ
ಸೋಲು ಗೆಲುವು ಮೊದಲ ಒಂದು ನಿಮಿಷದಲ್ಲೇ ತೀರ್ಮಾನವಾಗುತ್ತದೆ ಬ್ರದರ್. ಪೂರ್ತಿ ಕೇಳುವ ಮೊದಲೇ ಉತ್ತರ ಕೊಡುವುದು ಮೂರ್ಖತನ ಎಂದು ಜ್ಞಾನೋಕ್ತಿ 18:13 ಎಚ್ಚರಿಸುತ್ತದೆ. ಆದ್ದರಿಂದ ಆ ನಿಮಿಷದಲ್ಲಿ ಉತ್ತರ ಬೇಡ. ಅವರು ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ತಿರುಗಿ ಹೇಳಿ, "ನೀವು ಹೇಳಿದ್ದು ಇದೇ ಅಲ್ವಾ?" ಎಂದು ಕೇಳಿ. ಆಮೇಲೆ "ನನ್ನ ಯಾವ ಮಾತಿನಲ್ಲಿ ಹಾಗೆ ಕಂಡಿತು?" ಎಂಬ ಒಂದೇ ಪ್ರಶ್ನೆ. ಮನೆಗೆ ಬಂದು ಅವರ ಮಾತಷ್ಟನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ, ನಿಮ್ಮ ಸಮರ್ಥನೆ ಬರೆಯಬೇಡಿ. ಒಂದು ರಾತ್ರಿ ಕಳೆದ ಮೇಲೆ ಉತ್ತರ ಕೊಡಿ. ತಿಂಗಳ ಕೊನೆಗೆ ಪುಟ ತಿರುವಿದಾಗ ಒಂದೇ ದೂರು ಮೂರು ಬೇರೆ ಬಾಯಿಂದ ಬಂದಿದ್ದರೆ ಅಲ್ಲಿಂದಲೇ ಕೆಲಸ ಶುರು ಮಾಡಿ.

ಎರಡು ಕಡೆ ಜಾರುತ್ತೇವೆ. ಅವಸರದ "ಸರಿ" ಎದುರಿನವರಿಗೆ ಗೊತ್ತಾಗಿಯೇ ಆಗುತ್ತದೆ, ಮುಂದಿನ ಸಲ ಅವರು ಸುಮ್ಮನಾಗುತ್ತಾರೆ. ಇನ್ನೊಂದು, "ಅಯ್ಯೋ, ನಾನು ಏನೂ ಬಾರದವನು" ಎಂದು ಕುಗ್ಗಿಬಿಡುವುದು. ಆಗ ತಿದ್ದಲು ಬಂದವರೇ ನಿಮಗೆ ಸಮಾಧಾನ ಹೇಳಬೇಕಾಗುತ್ತದೆ, ಮೂಲ ವಿಷಯ ಅಲ್ಲೇ ಉಳಿಯುತ್ತದೆ. 1 ಸಮುವೇಲ 15:30ರಲ್ಲಿ ಅರಸ ಸೌಲನೂ ಪ್ರವಾದಿ ಸಮುವೇಲನ ಮುಂದೆ ಪಾಪ ಒಪ್ಪಿಕೊಂಡ, ಅದೇ ಉಸಿರಿನಲ್ಲಿ ಹಿರಿಯರ ಮುಂದೆ ತನ್ನ ಮರ್ಯಾದೆ ಉಳಿಸು ಎಂದೂ ಬೇಡಿದ. ಪ್ರವಾದಿ ನಾತಾನನ ಮುಂದೆ ಅರಸ ದಾವೀದ ಒಪ್ಪಿಕೊಂಡದ್ದು ಒಂದೇ ವಾಕ್ಯದಲ್ಲಿ (2 ಸಮುವೇಲ 12:13). ಈ ಎರಡನ್ನೂ ಒಟ್ಟಿಗೆ ಇಟ್ಟು ಓದಿ.

ಹಳಿಯಾಳದ ಅಕ್ಕ
ಯಾರಿಂದ ಕಲಿಯುತ್ತೇವೆ ಎಂಬುದನ್ನೂ ನೋಡಿ ತಮ್ಮಾ. ಪಾಸ್ಟರ್ ಅಥವಾ ಫಾದರ್ ಹೇಳಿದರೆ ತಲೆಬಾಗುವುದು ಸುಲಭ. ಮೀನು ಮಾರುವ ಹೆಂಗಸು, ತೋಟದ ಕೂಲಿಯವರು, ನಮ್ಮ ಕಡೆಯ ಸಿದ್ದಿ ಸಮುದಾಯದ ಸಹೋದರಿ ಹೇಳಿದರೆ? ಕುಷ್ಠ ಹತ್ತಿದ್ದ ಸೇನಾಪತಿ ನಾಮಾನನಿಗೆ ವಾಸಿಯಾಗುವ ದಾರಿ ತೋರಿಸಿದವಳು ಸೆರೆಯಾಗಿ ಬಂದ ಹುಡುಗಿ, ಸಿಟ್ಟಿನಿಂದ ಹೊರಟವನನ್ನು ತಡೆದವರು ಅವನ ಆಳುಗಳು (2 ಅರಸುಗಳು 5). ಅಪೊಲ್ಲೋಸ ದೊಡ್ಡ ವಾಗ್ಮಿ, ಶಾಸ್ತ್ರದಲ್ಲಿ ಪ್ರವೀಣ, ಆದರೂ ಅವನಿಗೆ ಗೊತ್ತಿದ್ದದ್ದು ಯೋಹಾನನ ದೀಕ್ಷಾಸ್ನಾನ ಮಾತ್ರ. ಅವನನ್ನು ಬಳಿಗೆ ಕರೆದು ಬಿಡಿಸಿ ಹೇಳಿದವರು ಗುಡಾರ ಹೊಲಿಯುವ ಅಕ್ವಿಲ, ಪ್ರಿಸ್ಕಿಲ್ಲ ದಂಪತಿ (ಅಪೊಸ್ತಲರ ಕೃತ್ಯಗಳು 18). ಅವನು ಕೇಳಿಸಿಕೊಂಡ!

ಪಾಠದಲ್ಲಿ ಓದು ಕಡಿಮೆಯಿದ್ದವರಿಗೆ ಮೊದಲು ಮಾತಾಡಲು ಬಿಡಿ, ಹೆಚ್ಚು ತಿಳಿದವರು ಕೊನೆಗೆ. ವಾರಕ್ಕೊಮ್ಮೆಯಾದರೂ ನಿಮಗಿಂತ ಚಿಕ್ಕವರ ಹತ್ತಿರ "ಈ ವಚನ ನಿನಗೆ ಏನು ಹೇಳಿತು?" ಎಂದು ಕೇಳಿ, ಕೇಳಿದ ಮೇಲೆ ನಿಮ್ಮ ವಿವರಣೆ ಸೇರಿಸಬೇಡಿ. ಮನೆಮಾತು ಕೊಂಕಣಿಯಾದವರು ಕನ್ನಡ ಬೈಬಲ್ ಓದುವಾಗ ತಡವರಿಸಿದರೆ ನಡುವೆ ತಿದ್ದಲೇಬೇಡಿ. ಒಮ್ಮೆ ನಾಚಿಕೆಯಾದರೆ ಅವರು ಮತ್ತೆ ಬಾಯಿ ಬಿಡುವುದಿಲ್ಲ, ನಷ್ಟ ನಮಗೇ.

ಶಿರಸಿ ಘಟ್ಟ
ಹೇಳಿದ್ದನ್ನೆಲ್ಲ ಒಪ್ಪುವುದೇ ದೀನತೆಯೇ ಎಂಬ ಎರಡನೇ ಪ್ರಶ್ನೆಗೆ: ಅಲ್ಲ. ಬೆರೋಯ ಊರಿನವರು ಅಪೊಸ್ತಲ ಪೌಲನ ಮಾತನ್ನು ಆಸೆಯಿಂದ ಕೇಳಿದರು, ಜೊತೆಗೆ ಅದು ಹೌದೋ ಅಲ್ಲವೋ ಎಂದು ದಿನಾಲೂ ಶಾಸ್ತ್ರ ಶೋಧಿಸಿದರು. ಅಪೊಸ್ತಲರ ಕೃತ್ಯಗಳು 17:11 ಅವರನ್ನು ಮೆಚ್ಚುವುದು ಎರಡಕ್ಕೂ ಸೇರಿಯೇ. ಬಂದ ಮಾತು ವಾಕ್ಯಕ್ಕೆ ಹೊಂದುತ್ತದೆಯೇ, ನಡೆದ ಸಂಗತಿಗೆ ಸರಿಯಾಗಿದೆಯೇ, ಮೂರನೆಯವರೊಬ್ಬರು ಕೇಳಿದರೂ ನಿಲ್ಲುತ್ತದೆಯೇ ಎಂದು ನೋಡಿ. "ಯಾರನ್ನೂ ಕೇಳಬೇಡ, ನಾನು ಹೇಳಿದ ಹಾಗೆ ಮಾಡು" ಎಂದು ಹಣ, ಮದುವೆ, ಡಾಕ್ಟರ ಔಷಧಿಯ ವಿಷಯದಲ್ಲಿ ಯಾರಾದರೂ ಒತ್ತಿದರೆ ಅಲ್ಲೇ ನಿಲ್ಲಿಸಿ, ನಂಬಿಕೆಯ ಹಿರಿಯರಿಬ್ಬರನ್ನು ಕರೆಯಿರಿ. ಅಪೊಸ್ತಲ ಪೇತ್ರನು ತಪ್ಪಿದಾಗ ಪೌಲನೇ ಎದುರು ನಿಂತು ಹೇಳಿದ್ದಾನೆ (ಗಲಾತ್ಯ 2:11).

ಕಾಳಿದಂಡೆ
ಉಪಕಾರ. ನೋಟ್‌ಬುಕ್ ಇವತ್ತೇ ತೆಗೆದಿಟ್ಟೆ. ನಮ್ಮ ಗುಂಪಿನಲ್ಲಿ ಹೆಚ್ಚಿನವರು ಬೋಟಿಗೆ ಹೋಗುವವರು, ಒಟ್ಟಿಗೆ ಸೇರುವುದೇ ಕಷ್ಟ. ಯಾವಾಗ ಶುರು ಮಾಡೋಣ?

ಕುಮಟಾ ಓದುಗ
ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಮೀನು ಹಿಡಿಯಲು ಕಡಲಿಗಿಳಿಯುವಂತಿಲ್ಲವಲ್ಲ, ಆ 61 ದಿನ ಹಿಡಿಯಿರಿ. ಸುಮಾರು ಒಂಬತ್ತು ವಾರ ಸಿಗುತ್ತದೆ. ಯಾಕೋಬನ ಪತ್ರಿಕೆಯ 5 ಅಧ್ಯಾಯ, ಫಿಲಿಪ್ಪಿಯವರ 4, ವಾರಕ್ಕೊಂದು. ಕೇಳುವುದರಲ್ಲಿ ಚುರುಕಾಗಿರಿ, ಮಾತಾಡುವುದರಲ್ಲಿ ನಿಧಾನವಾಗಿರಿ ಎನ್ನುವ ಯಾಕೋಬ 1:19 ಮೊದಲ ವಾರವೇ ಬರುತ್ತದೆ, ಅಲ್ಲಿ ಅವಸರ ಮಾಡಬೇಡಿ.