‘ಸರ್ಷಿಯೊರರಿ’: ಮೇಲ್ಮನವಿಯೇ, ರದ್ದತಿಯೇ, ಅನುಮತಿಯೇ?

ಅಮೆರಿಕದ ಸುಪ್ರೀಂ ಕೋರ್ಟ್ ಸರ್ಷಿಯೊರರಿ (certiorari) ಅರ್ಜಿಯೊಂದನ್ನು, ಅಂದರೆ ಕೆಳ ನ್ಯಾಯಾಲಯದ ತೀರ್ಪನ್ನು ಪರಿಶೀಲಿಸುವಂತೆ ಕೋರುವ ಅರ್ಜಿಯೊಂದನ್ನು, ನಿರಾಕರಿಸಿದಾಗ ಅದನ್ನು ಕನ್ನಡದಲ್ಲಿ ‘ಮೇಲ್ಮನವಿ ವಜಾ’ ಎಂದು ಬರೆಯುವುದು ಸರಿಯೇ ಎಂಬುದು ನನ್ನ ಪ್ರಶ್ನೆ. ಸರಿಯಲ್ಲವೆಂದೇ ನನ್ನ ಅಭಿಪ್ರಾಯ. ಅದಕ್ಕೆ ಕಾರಣ ಆ ಪದದ ಚರಿತ್ರೆಯಲ್ಲಿದೆ.

ಲ್ಯಾಟಿನ್ ಮೂಲದ ಈ ಕ್ರಿಯಾರೂಪಕ್ಕೆ ‘ಖಚಿತ ಮಾಹಿತಿ ಪಡೆಯುವುದು’ ಎಂದು ಅರ್ಥ. ಕೆಳ ನ್ಯಾಯಾಲಯದಲ್ಲಿ ನಡೆದುದು ತನಗೆ ಖಚಿತವಾಗಿ ತಿಳಿಯಬೇಕೆಂದು ಇಂಗ್ಲೆಂಡಿನ ದೊರೆಯ ಹೆಸರಿನಲ್ಲಿ ಹೊರಡುತ್ತಿದ್ದ ಆಜ್ಞಾಪತ್ರದ (ರಿಟ್‌ನ) ಒಕ್ಕಣೆಯಲ್ಲಿ ಈ ಪದ ಬರುತ್ತಿತ್ತು. ಕಾಲಕ್ರಮದಲ್ಲಿ ಅದೇ ಪತ್ರದ ಹೆಸರಾಯಿತು. ಕಡತವನ್ನು ಮೇಲಕ್ಕೆ ತರಿಸಿಕೊಳ್ಳುವುದು ಅದರ ಕೆಲಸ. ಹಿಂದಿಯಲ್ಲಿ ನೆಲೆಗೊಂಡು ಕನ್ನಡದಲ್ಲೂ ಕಾಣುವ ‘ಉತ್ಪ್ರೇಷಣ’ ಎಂಬ ಪದ, ‘ಮೇಲಕ್ಕೆ ಕಳುಹಿಸುವಿಕೆ’ ಎಂಬ ತನ್ನ ಅರ್ಥದಿಂದ, ಈ ಹಂತವನ್ನು ಮಾತ್ರ ಹಿಡಿದಿಡುತ್ತದೆ.

ಭಾರತದಲ್ಲಿ ಒತ್ತು ಕಡತದಿಂದ ಆದೇಶದ ರದ್ದತಿಗೆ ಸರಿಯಿತು. ಇಲ್ಲಿ ನಮ್ಮ ನಾಡಿನದೇ ಒಂದು ಪ್ರಕರಣ ಮುಖ್ಯವಾದುದು. 1952ರ ಮೈಸೂರು ವಿಧಾನಸಭಾ ಚುನಾವಣೆಯಲ್ಲಿ ತರೀಕೆರೆ ಕ್ಷೇತ್ರಕ್ಕೆ ಸಂಬಂಧಿಸಿ ಎದ್ದ ವ್ಯಾಜ್ಯದಲ್ಲಿ ಚುನಾವಣಾ ನ್ಯಾಯಮಂಡಳಿಯ ಆದೇಶವನ್ನು ಮೈಸೂರು ಹೈಕೋರ್ಟ್ ಸರ್ಷಿಯೊರರಿಯ ಮೂಲಕ ರದ್ದುಪಡಿಸಿತ್ತು. 1954ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿ, ಈ ರಿಟ್ ನೀಡುವಾಗ ನ್ಯಾಯಾಲಯವು ಮೇಲ್ಮನವಿ ಕೇಳುವ ಪೀಠದಂತೆ ಸಾಕ್ಷ್ಯವನ್ನು ಹೊಸದಾಗಿ ತೂಗುವಂತಿಲ್ಲವೆಂದು ಸ್ಪಷ್ಟಪಡಿಸಿತು; ಅಧಿಕಾರವ್ಯಾಪ್ತಿ ಮೀರಿದ್ದರೆ, ಸಹಜ ನ್ಯಾಯ (ಎರಡೂ ಕಡೆಯವರ ಮಾತು ಕೇಳುವಂಥ ಮೂಲ ನಿಯಮಗಳು) ತಪ್ಪಿದ್ದರೆ, ಕಡತದ ಮೇಲ್ನೋಟಕ್ಕೇ ಎದ್ದು ಕಾಣುವ ಕಾನೂನಿನ ದೋಷವಿದ್ದರೆ ಮಾತ್ರ ಅದರ ಪ್ರವೇಶ. ಹಾಗಾಗಿ ನಮ್ಮಲ್ಲಿ ಸರ್ಷಿಯೊರರಿಯೂ ಮೇಲ್ಮನವಿಯೂ ಬೇರೆಬೇರೆ.

ಅಮೆರಿಕದಲ್ಲಿ ಪದ ಇನ್ನೊಂದು ದಿಕ್ಕಿಗೆ ಹೊರಳಿತು. 1891ರ ಮತ್ತು 1925ರ ಕಾಯ್ದೆಗಳು ಯಾವ ಪ್ರಕರಣವನ್ನು ಕೇಳಬೇಕೆಂಬ ಆಯ್ಕೆಯನ್ನು ಹೆಚ್ಚುಹೆಚ್ಚಾಗಿ ಸುಪ್ರೀಂ ಕೋರ್ಟಿಗೇ ಬಿಟ್ಟವು. ಒಂಬತ್ತು ನ್ಯಾಯಮೂರ್ತಿಗಳಲ್ಲಿ ನಾಲ್ವರು ಒಪ್ಪಿದರೆ ಪ್ರಕರಣ ವಿಚಾರಣೆಗೆ ಬರುತ್ತದೆ. ಒಪ್ಪದಿದ್ದರೆ ಕೆಳಗಿನ ತೀರ್ಪು ಉಳಿಯುತ್ತದೆ, ಆದರೆ ಅದು ಸರಿಯೆಂದು ಮೇಲಿನ ಕೋರ್ಟ್ ಹೇಳಿದಂತಾಗುವುದಿಲ್ಲ. ‘ಮೇಲ್ಮನವಿ ವಜಾ’ ಎಂದೊಡನೆ ಓದುಗರು ಗ್ರಹಿಸುವುದು ಇದಕ್ಕೆ ನೇರ ವಿರುದ್ಧವಾದುದನ್ನು.

ಈ ಅಮೆರಿಕನ್ ಬಳಕೆಗೆ ಹತ್ತಿರದ್ದು ನಮ್ಮ ಸಂವಿಧಾನದ 226ನೆಯ ವಿಧಿಯಡಿ ಹೈಕೋರ್ಟ್ ನೀಡುವ ರಿಟ್ ಅಲ್ಲ, ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಸಲ್ಲಿಸಲು ಅನುಮತಿ ಕೋರುವ 136ನೆಯ ವಿಧಿಯ ವಿಶೇಷ ಅನುಮತಿ ಅರ್ಜಿ. ಆದ್ದರಿಂದ ‘ಮೇಲ್ಮನವಿಗೆ ಅನುಮತಿ ನಿರಾಕರಣೆ’ ಎಂದೋ ‘ಪ್ರಕರಣವನ್ನು ವಿಚಾರಣೆಗೆ ಎತ್ತಿಕೊಳ್ಳಲು ಕೋರ್ಟ್ ಒಪ್ಪಲಿಲ್ಲ’ ಎಂದೋ ಬರೆಯುವುದು ಲೇಸು. ಭಾರತೀಯ ರಿಟ್‌ಗೆ ‘ಉತ್ಪ್ರೇಷಣ’ವನ್ನೇ ಉಳಿಸಿಕೊಳ್ಳಬೇಕೋ, ರದ್ದತಿಯ ಅರ್ಥವನ್ನು ನೇರವಾಗಿ ಹೇಳುವ ಪದವೊಂದು ಬೇಕೋ ಎಂಬುದನ್ನು ಕನ್ನಡದಲ್ಲಿ ತೀರ್ಪು, ಅರ್ಜಿಗಳನ್ನು ಬರೆಯುವವರು ತಿಳಿಸಬೇಕೆಂದು ಕೋರುತ್ತೇನೆ.