ರೂಟ್ ಕೆನಾಲ್‌ಗೆ ಲೇಸರ್: ಹೈಪೋ ಬದಲಿಗೋ, ಹೈಪೋ ಜೊತೆಗೋ? (ದಂತವೈದ್ಯರ ಚರ್ಚೆ)

ಬಿ.ಎಚ್. ರಸ್ತೆ, ತುಮಕೂರು: ಬೋರ್ಡಿನ ಮೇಲೆ 'ಲೇಸರ್ ಆರ್‌ಸಿಟಿ' (ರೂಟ್ ಕೆನಾಲ್ ಚಿಕಿತ್ಸೆ) ಅಂತ ಬರೆಸಿದ ಕೂಡಲೇ ಬೇರಿನ ನಾಳ ತೊಳೆಯೋ ಹೈಪೋ (ಸೋಡಿಯಂ ಹೈಪೋಕ್ಲೋರೈಟ್) ಔಷಧಿಯೇ ಬೇಡ, ಬೆಳಕಿಗೇ ಕ್ರಿಮಿ ಸಾಯುತ್ತೆ ಅಂತ ರೋಗಿ ನಂಬ್ತಾರೆ. ಅದು ತಪ್ಪು. ಆದರೆ ಡಯೋಡ್ ಲೇಸರ್ ದಂಡ ಅನ್ನೋದನ್ನೂ ನಾನು ಒಪ್ಪಲ್ಲ. 810 ಅಥವಾ 980 ನ್ಯಾನೋಮೀಟರ್ ಬೆಳಕನ್ನ ನೀರು ಅಷ್ಟಾಗಿ ಹೀರಲ್ಲ, ಡೆಂಟಿನ್ (ಎನಾಮಲ್ ಕೆಳಗಿನ ಪದರ) ಒಳಗೆ ಆಳಕ್ಕೆ ಇಳಿಯುತ್ತೆ. ಹೈಪೋ ಮುಟ್ಟದ ಸೂಕ್ಷ್ಮನಾಳಗಳಲ್ಲಿ ಅಡಗಿರೋ ಎಂಟೆರೊಕಾಕಸ್ ಬ್ಯಾಕ್ಟೀರಿಯಾ ಕೊಲ್ಲೋಕೆ ಅದು ಬೇಕು. 200 ಮೈಕ್ರಾನ್ ಫೈಬರ್, 1ರಿಂದ 1.5 ವ್ಯಾಟ್, ಬೇರಿನ ತುದಿಗೆ 1 ಮಿ.ಮೀ. ಮೊದಲೇ ನಿಲ್ಲಿಸಿ, ಸುತ್ತಿಸ್ತಾ ಸೆಕೆಂಡಿಗೆ 2 ಮಿ.ಮೀ. ಲೆಕ್ಕದಲ್ಲಿ ಮೇಲಕ್ಕೆ ಎಳೀಬೇಕು. ಹೀಗೆ ನಾಲ್ಕು ಸಲ, ನಡುವೆ ಬಿಡುವು ಕೊಟ್ಟು.

ಕೋಲಾರ ಎಂಡೋ: ಸಾರ್, ಆ ಸುತ್ತಿಸೋದು ಯಾಕೆ ಅಂತಾನೂ ಹೇಳಿ. ಬೆಳಕು ಫೈಬರ್ ತುದಿಯಿಂದ ನೇರ ಮುಂದಕ್ಕೆ ಹೋಗುತ್ತೆ, ಪಕ್ಕದ ಗೋಡೆಗೆ ಬೀಳೋದು ಅತ್ಯಲ್ಪ. ಕೈ ಒಂದೇ ಕಡೆ ನಿಂತರೆ ಅಲ್ಲಿ ಬಿಸಿ ಏರುತ್ತೆ. ಬೇರಿನ ಹೊರಮೈ ಮೈಬಿಸಿಗಿಂತ 10 ಡಿಗ್ರಿಗೂ ಹೆಚ್ಚು ಕಾದು ಒಂದು ನಿಮಿಷ ಹಾಗೇ ಇದ್ದರೆ ಸುತ್ತಲಿನ ಮೂಳೆಗೆ ಪೆಟ್ಟು. ಫೈಬರ್ ತುದಿಗೆ ರಕ್ತವೋ ಪಲ್ಪ್ (ಹಲ್ಲಿನೊಳಗಿನ ಮೆತ್ತನೆ ಅಂಗಾಂಶ) ಚೂರೋ ಅಂಟಿ ಕರಕಾದರೆ ಇನ್ನೂ ಕಷ್ಟ: ಬೆಳಕು ಹೊರಗೇ ಬರಲ್ಲ, ತುದಿ ಕಾದ ಸೂಜಿ ಥರ ಆಗುತ್ತೆ. ಪ್ರತಿ ಸಲ ಒರೆಸಿ, ಕಪ್ಪಾಗಿದ್ದರೆ ಕತ್ತರಿಸಿ ಹೊಸ ತುದಿ ಮಾಡ್ಕೋಬೇಕು.

ನನ್ನ ಒಲವು ಎರ್ಬಿಯಂ ಯಾಗ್ ಲೇಸರ್ ಕಡೆಗೆ. 2940 ನ್ಯಾನೋಮೀಟರನ್ನ ನೀರು ಪೂರ್ತಿ ಹೀರುತ್ತೆ. 20 ಮಿಲಿಜೂಲ್, 15 ಹರ್ಟ್ಸ್, 50 ಮೈಕ್ರೊಸೆಕೆಂಡ್ ಪಲ್ಸ್. ಹಾಗೆ ಕಾದ ದ್ರವದಲ್ಲಿ ಗುಳ್ಳೆ ಉಬ್ಬಿ ಕುಸಿಯೋ ರಭಸಕ್ಕೆ ಹೈಪೋ ಕವಲುಗಳಿಗೂ ನುಗ್ಗುತ್ತೆ. ತುದಿ ನಾಳದೊಳಗೆ ಹೋಗೋದೇ ಇಲ್ಲ, ಪಲ್ಪ್ ಕೋಣೆಯಲ್ಲೇ ಇರುತ್ತೆ. ಹಾಗಾಗಿ ಡೊಂಕು ಬೇರಲ್ಲಿ ಫೈಬರ್ ಮುರಿಯೋ ಭಯವಿಲ್ಲ.

ಚಿಂತಾಮಣಿ ದಂತ: ಮೇಡಂ, ಕೋಣೆ ತುಂಬ ದ್ರವ ನಿಂತರೆ ತಾನೇ? ಹಲ್ಲಿನ ಒಂದು ಗೋಡೆ ಕುಸಿದಿದ್ದರೆ ಎಲ್ಲಾ ಹರಿದುಹೋಗುತ್ತೆ. ಮೊದಲು ಕಾಂಪೊಸಿಟ್‌ನಲ್ಲಿ (ಹಲ್ಲಿನ ಬಣ್ಣದ ಫಿಲ್ಲಿಂಗ್) ಗೋಡೆ ಕಟ್ಟಿ, ರಬ್ಬರ್ ಡ್ಯಾಂ (ಹಲ್ಲನ್ನ ಬಾಯಿಂದ ಬೇರೆ ಮಾಡೋ ರಬ್ಬರ್ ಹಾಳೆ) ಹಾಕಿ, ಸಹಾಯಕರು ಬಿಡದೆ ಹೈಪೋ ತುಂಬಿಸ್ತಿರಬೇಕು. ಬೇರಿನ ಬಾಯಿ ತೆರೆದಿರೋ ಮಕ್ಕಳ ಹಲ್ಲಿನಲ್ಲಿ ಹೈಪೋ ಆಚೆ ನುಗ್ಗೋ ಅಪಾಯವೂ ಇದೆ.

ಅಷ್ಟು ದುಬಾರಿ ಯಂತ್ರ ಇಲ್ಲದ ಕಡೆ ಅಲ್ಟ್ರಾಸಾನಿಕ್ (ಕಂಪಿಸೋ ತುದಿಯಿಂದ ಹೈಪೋ ಕಲಕೋದು) ಸಾಕು ಅಂತ ನನ್ನ ವಾದ. 20 ಸೆಕೆಂಡಿನಂತೆ ಮೂರು ಸಲ, ಪ್ರತಿ ಸಲ ಹೊಸ ಹೈಪೋ. ತುದಿ ಗೋಡೆಗೆ ತಾಗಬಾರದು, ತಾಗಿದರೆ ಕಂಪನ ಸಾಯುತ್ತೆ.

ಬಿ.ಎಚ್. ರಸ್ತೆ, ತುಮಕೂರು: ಒಪ್ಪಿದೆ. ಆದರೆ ಯಾವುದೇ ಯಂತ್ರ ಇರಲಿ, 17% ಇ.ಡಿ.ಟಿ.ಎ. ದ್ರವ ಒಂದು ನಿಮಿಷ ನಾಳದಲ್ಲಿ ನಿಲ್ಲಿಸಿ ಸ್ಮಿಯರ್ ಪದರ (ಕೆರೆದಾಗ ಗೋಡೆಗೆ ಮೆತ್ತೋ ಪುಡಿ) ತೆಗೀದಿದ್ರೆ ಸೂಕ್ಷ್ಮನಾಳಗಳ ಬಾಯೇ ಮುಚ್ಚಿರುತ್ತೆ. ಹೈಪೋ ಮೇಲೆ ನೇರ ಕ್ಲೋರ್‌ಹೆಕ್ಸಿಡಿನ್ (ಇನ್ನೊಂದು ಕ್ರಿಮಿನಾಶಕ) ಹಾಕಿದರೆ ಕಂದು ಗಸಿ ಕಟ್ಟಿ ನಾಳ ಕಟ್ಟಿಕೊಳ್ಳುತ್ತೆ, ನಡುವೆ ಸಲೈನ್‌ನಲ್ಲಿ ತೊಳೀರಿ.

ಕೋಲಾರ ಎಂಡೋ: ಕನ್ನಡಕದ ಮಾತೂ ಸೇರಿಸ್ತೀನಿ. 980ಕ್ಕೆ ಅಂತ ಇರೋದನ್ನ 2940ಕ್ಕೆ ಹಾಕೋಬೇಡಿ, ಫ್ರೇಮ್ ಮೇಲೆ ಅಂಕಿ ಬರೆದಿರುತ್ತೆ, ನೋಡಿ. ರೋಗಿಗೂ ಸಹಾಯಕರಿಗೂ ಬೇಕು.

ಪಾವಗಡ: ನಮ್ಮ ಕಡೆ, ಬಾಗೇಪಲ್ಲಿ ಕಡೆ ಬೋರ್‌ವೆಲ್ ನೀರಿನ ಫ್ಲೋರೈಡ್‌ಗೆ ಕಲೆಬಿದ್ದ ಹಲ್ಲುಗಳು ಬಹಳ. ಆ ಎನಾಮಲ್‌ಗೆ ಬಾಂಡಿಂಗ್ ಚೆನ್ನಾಗಿ ಹಿಡಿಯಲ್ಲ. ಚಿಂತಾಮಣಿ ಡಾಕ್ಟ್ರೇ, ನೀವಂದ ಕಾಂಪೊಸಿಟ್ ಗೋಡೆ ಅಲ್ಲಿ ಮಧ್ಯದಲ್ಲೇ ಕಿತ್ತುಬಂದರೆ?

ಚಿಂತಾಮಣಿ ದಂತ: ಮೇಲ್ಪದರವನ್ನ ಬರ್‌ನಿಂದ ತೆಳ್ಳಗೆ ಕೆರೆದು, ಆ್ಯಸಿಡ್ ಎಚ್ಚಿಂಗ್ (ಅಂಟು ಹಿಡಿಯಲು ಆ್ಯಸಿಡ್‌ನಿಂದ ಮೇಲ್ಮೈ ಒರಟು ಮಾಡೋದು) ಮಾಮೂಲಿಗಿಂತ ಹೆಚ್ಚು ಹೊತ್ತು ಬಿಡಿ. ಆಮೇಲೂ ಸಡಿಲ ಅನ್ನಿಸಿದರೆ ಹಲ್ಲಿನ ಸುತ್ತ ತಾಮ್ರದ ಬ್ಯಾಂಡ್ ಕೂರಿಸಿ.